ಹಿಂದೆ ಬರುವವರ ಗಂಟು

ಸೈಟಿನಲ್ಲಿ ಎಲ್ಲರೂ ನನ್ನನ್ನು ಗೋಡೆ ಮೇಡಂ ಅಂತ ಕರೆಯುತ್ತಾರೆ. ಬೆನ್ನ ಹಿಂದೆ ಇನ್ನೂ ಏನೇನು ಕರೆಯುತ್ತಾರೋ, ಕೇಳಲು ನನಗೆ ಪುರುಸೊತ್ತಿಲ್ಲ. ಕಟ್ಟಡದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಯೋಜನೆ ಹಾಕುವವಳು ನಾನು. ತಗಡಿನ ಆಫೀಸಿನ ಒಂದು ಗೋಡೆಯ ತುಂಬ ಕಾರ್ಡುಗಳು. ಒಂದೊಂದು ಕಾರ್ಡು ಒಂದೊಂದು ಕೆಲಸ. ಕಾರ್ಡಿನಿಂದ ಕಾರ್ಡಿಗೆ ದಾರ. ಕಂಪ್ಯೂಟರಿನಲ್ಲೂ ಇದೆಲ್ಲ ಇದೆ, ಆದರೆ ಕಂಪ್ಯೂಟರ್ ನೋಡಿ ಯಾವ ಮೇಸ್ತ್ರಿ ತಾನೇ ಹೆದರುತ್ತಾನೆ?

ದಾರದ ಗಂಟನ್ನು ಹಿಂದೆ ಬರುವವನೇ ಹಾಕಬೇಕು. ಇದು ನನ್ನ ಗೋಡೆಯ ನಿಯಮ. ಗಾರೆಯವನ ಕಾರ್ಡಿಗೆ ಬಣ್ಣದವನು ಬಂದು ಗಂಟು ಹಾಕಿದರೆ, ‘ನೀನು ಮುಗಿಸು, ನಿನ್ನ ಹಿಂದೆ ನಾನಿದ್ದೀನಿ’ ಎಂದರ್ಥ. ಹಿಂದೆ ಯಾರೂ ಇಲ್ಲದ ಕೆಲಸಕ್ಕೆ ಕಂಪ್ಯೂಟರು ಕಟ್ಟಡ ಮುಗಿಯುವವರೆಗೂ ಪುರುಸೊತ್ತು ತೋರಿಸುತ್ತದೆ. ಯಾರೂ ಕಾಯುತ್ತಿಲ್ಲವಲ್ಲ, ಅವಸರವೇನು? ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಸುತ್ತು. ಇವನ ಹಿಂದೆ ಅವನು, ಅವನ ಹಿಂದೆ ಮತ್ತೆ ಇವನೇ. ಹಾಗಾದರೆ ಕೆಲಸ ಈ ಜನ್ಮದಲ್ಲಿ ಮುಗಿಯುವುದಿಲ್ಲ. ಸುತ್ತು ಹಾಕಿದವರಿಗೆ ನನ್ನಿಂದ ಮಂಗಳಾರತಿ ಗ್ಯಾರಂಟಿ.

ಮೊದಲು ಕಳಚಿದ್ದು ಬಡಗಿಯ ದಾರ. ಬೆಳಿಗ್ಗೆ ಬಂದು ನೋಡಿದರೆ ಜೋತಾಡುತ್ತಿತ್ತು. ಕಸ ಗುಡಿಸುವವಳನ್ನು ತರಾಟೆಗೆ ತೆಗೆದುಕೊಂಡೆ.

“ಅಯ್ಯೋ, ನಾನ್ ಮುಟ್ಟಿಲ್ಲ ಮೇಡಂ. ನಿಮ್ ಗೋಡೆ ಹತ್ರ ಬರೋಕೇ ನಂಗೆ ಭಯ,” ಅಂದಳು ಪಾಪ.

ಹಿಂದೆ ಬರಬೇಕಾದ ಕಬ್ಬಿಣದವನನ್ನು ಕರೆಸಿ ಮತ್ತೆ ಗಂಟು ಹಾಕಿಸಿದೆ. ಮಧ್ಯಾಹ್ನಕ್ಕೆ ಮತ್ತೆ ಬಿಚ್ಚಿತ್ತು. ಹರಿದಿರಲಿಲ್ಲ, ಜಗ್ಗಿರಲಿಲ್ಲ. ಯಾರೋ ಸಾವಧಾನವಾಗಿ ಕೂತು ಉಗುರಿನಿಂದ ಬಿಡಿಸಿದ ಹಾಗಿತ್ತು. ಆ ವಾರವೇ ಬಡಗಿ ಮೇಲಿನ ಅಂತಸ್ತಿನಿಂದ ಬಿದ್ದು ಸತ್ತ. ಎರಡನೆಯ ದಾರ ಪೈಪಿನವನದು. ಅವನು ಏಣಿ ಹತ್ತಿದವನೇ ಅಲ್ಲ. ಊಟಕ್ಕೆ ಕೂತವನು ಮೇಲೇಳಲಿಲ್ಲ. ದಾರ ಕಳಚಿದವನು ಉಳಿಯುವುದಿಲ್ಲ ಎಂದು ಆಗ ನನಗೆ ಹೊಳೆಯಿತು.

ಆಮೇಲೆ ನನ್ನ ತಮ್ಮನ ದಾರ ಕಳಚಿತು.

ಲಿಫ್ಟ್ ಓಡಾಡುವ ಬಾವಿಯೊಳಗೆ ಇಳಿದು ಕಂಬಿ ಕೂರಿಸುವುದು ಅವನ ಕೆಲಸ. ಎಲ್ಲರೂ ಅವನನ್ನು ಆತುರಗಾರ ಅನ್ನುತ್ತಾರೆ. ಹುಟ್ಟುವಾಗಲೂ ತಿಂಗಳು ತುಂಬುವ ಮೊದಲೇ ಬಂದವನು. ಅಮ್ಮ ಹೋದ ಮೇಲೆ ಅವನ ತಲೆ ಒರೆಸಿದವಳು, ಬೆನ್ನಿಗೆ ಗುದ್ದಿದವಳು ಎಲ್ಲ ನಾನೇ. ಅವನ ಕಾರ್ಡಿಗೆ ಗಂಟು ಹಾಕಬೇಕಾದವನು ಲಿಫ್ಟಿನ ಪೆಟ್ಟಿಗೆ ಜೋಡಿಸುವವನು. ಪಾಪ, ಅವನು ಬಂದು ಬಂದು ಹಾಕಿದ. ನಾನು ಆಚೆ ತಿರುಗಿ ಈಚೆ ತಿರುಗುವುದರೊಳಗೆ ಅದು ಬಿಚ್ಚಿರುತ್ತಿತ್ತು.

“ಕೆಲಸ ಬಿಟ್ಟು ಮನೇಲಿ ಬಿದ್ಕೋ,” ಅಂದೆ ತಮ್ಮನಿಗೆ.

“ಮನೇಲಿ ಬಿದ್ಕೊಂಡ್ರೆ ಅಲ್ಲೇ ಹೋಗ್ತೀನಿ ಅಷ್ಟೇ. ಪೈಪಿನವ್ನು ಊಟದ ಮುಂದೆ ಹೋಗ್ಲಿಲ್ವಾ?” ನಗುತ್ತಲೇ ಅಂದ. ಆದರೆ ಅವನ ತುಟಿ ಒಣಗಿತ್ತು. “ಅಕ್ಕ, ನಂಗ್ಯಾಕೋ ಹೆದ್ರಿಕೆ ಕಣೇ.”

ಹೊಸ ಕಾರ್ಡು ತೆಗೆದು ‘ಕಂಬಿ ಪರೀಕ್ಷೆ’ ಎಂದು ಬರೆದು, ಕೆಳಗೆ ನನ್ನ ಹುದ್ದೆ ಬರೆದೆ. ನಿಯಮ ನಿಯಮವೇ. ತಮ್ಮನ ಹಿಂದೆ ಬರುವವಳು ನಾನು, ಗಂಟು ಹಾಕುವವಳೂ ನಾನು. ಹಾಕಿ, ಕಣ್ಣು ಮಿಟುಕಿಸದೆ ನಿಂತೆ. ಗಂಟು ಒಮ್ಮೆ ಅಲುಗಿತು, ಬಿಚ್ಚಲಿಲ್ಲ. ತಮ್ಮ ಬಾವಿಗಿಳಿದು ಕೆಲಸ ಮುಗಿಸಿ, ಹಸಿವು ಹಸಿವು ಅಂತ ಅರಚುತ್ತಾ ಬಂದ. ನಾನು ಅತ್ತೇಬಿಟ್ಟೆ.

ಈಗ ಪೆಟ್ಟಿಗೆಯವನು ನನ್ನ ಕಾರ್ಡಿಗೆ ಗಂಟು ಹಾಕಬೇಕಿತ್ತು, ಹಾಕಿದ. ಎಲ್ಲರೆದುರಿಗೇ, ಯಾರೂ ಮುಟ್ಟದೆಯೇ, ಅದು ಮೆಲ್ಲಗೆ ತಾನಾಗಿ ಬಿಚ್ಚಿಕೊಂಡಿತು. ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಮುಂದೆ ಪುರುಸೊತ್ತು ಕಟ್ಟಡದ ಕೊನೆಯವರೆಗೂ ಚಾಚಿತ್ತು. ಜೀವಮಾನದಲ್ಲಿ ಅಷ್ಟು ಬಿಡುವು ಕಂಡವಳಲ್ಲ ನಾನು.

ತಮ್ಮ ನನ್ನ ಮುಖ ನೋಡಿದ, ಗೋಡೆ ನೋಡಿದ. ಆತುರಗಾರ ತಾನೇ? ನಾನು ಬಾಯಿ ಬಿಡುವಷ್ಟರಲ್ಲಿ ತನ್ನದೇ ಕಾರ್ಡಿನಿಂದ ದಾರ ಎಳೆದು ನನ್ನ ಕಾರ್ಡಿಗೆ ಬಿಗಿದ.

“ಏಯ್, ಸುತ್ತಾಗುತ್ತೋ ಮುಠ್ಠಾಳ!”

“ಆಗ್ಲಿ ಬಿಡೇ. ನನ್ನ ಹಿಂದೆ ನೀನು, ನಿನ್ನ ಹಿಂದೆ ನಾನು.”

ಗಂಟು ನಿಂತಿತು. ಕಂಪ್ಯೂಟರು ಕೆಂಪು ಅಕ್ಷರದಲ್ಲಿ ತಪ್ಪು, ತಪ್ಪು ಎಂದು ಬಡಬಡಿಸಿತು. ನಾನು ಅದರ ಬಾಯಿ ಮುಚ್ಚಿಸಿದೆ.

ಅಂದಿನಿಂದ ತಮ್ಮ ಕಂಬಿ ಕೂರಿಸುತ್ತಾನೆ, ನಾನು ಪರೀಕ್ಷೆ ಮಾಡಿ ಏನಾದರೂ ಕುಂದು ಹುಡುಕುತ್ತೇನೆ, ಅವನು ಬಿಚ್ಚಿ ಮತ್ತೆ ಕೂರಿಸುತ್ತಾನೆ. ಬೇರೆಲ್ಲ ಕೆಲಸ ಮುಗಿಯಿತು. ಬಣ್ಣದವನು ಕೂಲಿ ಎಣಿಸಿಕೊಂಡು ಊರಿಗೆ ಹೊರಟ, ಗಾಜಿನವನೂ ಹೊರಟ. ಖಾಲಿ ಕಟ್ಟಡದಲ್ಲಿ ಬಾವಿಯೊಳಗಿನ ನಮ್ಮ ಸುತ್ತಿಗೆ ಸದ್ದು ಮಾತ್ರ ಉಳಿಯಿತು. ಒಮ್ಮೊಮ್ಮೆ ನಾವು ಸುಮ್ಮನಾದ ಮೇಲೂ ಕೆಳಗಡೆ ಯಾರೋ ಬಡಿಯುತ್ತಿರುತ್ತಾರೆ. ಬಡಗಿಯೇ ಇರಬೇಕು ಅನ್ನುತ್ತಾನೆ ತಮ್ಮ.

ಇವತ್ತು ಬೆಳಿಗ್ಗೆ ಹೊಸ ಮ್ಯಾನೇಜರು ಕತ್ತರಿ ಹಿಡಿದೇ ಬಂದರು. ಮರ್ಯಾದಸ್ಥ ಮನುಷ್ಯ, ದನಿ ಏರಿಸಲಿಲ್ಲ. “ಸುತ್ತು ಹಾಕ್ಕೊಂಡು ಕೂತಿದ್ದೀರಲ್ಲ ಮೇಡಂ. ನೀವೇ ಹಿಂಗ್ ಮಾಡೋದಾ? ಒಂದು ದಾರ ಕತ್ತರಿಸಿದ್ರೆ ಸರಿಹೋಗುತ್ತೆ. ಯಾವುದನ್ನ ಕತ್ತರಿಸ್ಲಿ?”

ಒಂದು ಕತ್ತರಿಸಿದರೆ ತಮ್ಮನ ಹಿಂದೆ ಯಾರೂ ಇಲ್ಲ. ಇನ್ನೊಂದು ಕತ್ತರಿಸಿದರೆ ನನ್ನ ಹಿಂದೆ ಯಾರೂ ಇಲ್ಲ.

“ನೀವು ಬಿಡಿ ಸಾರ್, ನನ್ನ ಗೋಡೆ,” ಅಂದು ಕತ್ತರಿ ಇಸಿದುಕೊಂಡೆ. ತಮ್ಮ ಹಾಕಿದ ಗಂಟು ಸೊಟ್ಟಗಿತ್ತು. ಯಾವ ಕೆಲಸವನ್ನೂ ನೆಟ್ಟಗೆ ಮಾಡಿದವನಲ್ಲ ಅವನು. ಅದರ ಪಕ್ಕದಲ್ಲೇ ದಾರ ಹಿಡಿದು ಕತ್ತರಿಸಿದೆ.

ಬಾಗಿಲಾಚೆ ಅವನ ದನಿ ಕೇಳಿತು. “ಅಕ್ಕಾ, ಎಷ್ಟೊತ್ತೇ? ಪುರುಸೊತ್ತಾಯ್ತಾ ಇಲ್ವಾ?”

“ಆಯ್ತು ಕಣೋ,” ಅಂದೆ.