ಹರಿಣಿ ತಿರುಗಿದಳು

ಮಹಂತೇಶನಿಗೆ ಆಫೀಸಿನ ಫೈಲಿಗಿಂತ ಮನೆಯಲ್ಲಿ ಬೆಸುಗೆ ಹಾಕುತ್ತಾ ಕೂರುವುದೇ ಇಷ್ಟ. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ನಾಲ್ಕಾರು ಮನೆಗಳ ಕರೆಗಂಟೆ ಹಕ್ಕಿಯ ಹಾಗೋ ಪೀಪಿಯ ಹಾಗೋ ಕೂಗುತ್ತಿತ್ತೆಂದರೆ, ಒಳಗಿದ್ದದ್ದು ಅವನು ಮಾಡಿಕೊಟ್ಟ ಸರ್ಕ್ಯೂಟು. ಅಂಥವನ ಒಂದೂವರೆ ವರ್ಷದ ಮಗಳು ಹರಿಣಿಗೆ ಆ ವರ್ಷದ ಚಳಿಯಲ್ಲಿ ಮೆದುಳು ಜ್ವರ ಬಂತು. ಮಗು ಉಳಿಯಿತು. ಆದರೆ ಎರಡೂ ಕಿವಿ ಕೇಳಿಸುತ್ತಿಲ್ಲ ಅಂದರು ಡಾಕ್ಟರು.

ಮಹಂತೇಶ ಒಪ್ಪಲಿಲ್ಲ.

"ಮಲಗಿಸಿ ಪರೀಕ್ಷೆ ಮಾಡಿದರೆ ಮಗು ಹೇಗೆ ತಿರುಗಿ ನೋಡುತ್ತೆ? ಎಚ್ಚರ ಇದ್ದಾಗ ನಾನೇ ನೋಡ್ತೀನಿ," ಅಂದ ಹೆಂಡತಿಗೆ.

ಜಲಜಾಗೂ ಬೇಕಾಗಿದ್ದದ್ದು ಅದೇ ಮಾತು.

ಲಜಪತ್ ರಾಯ್ ಮಾರ್ಕೆಟ್ಟಿಗೆ ಹೋಗಿ ಉಗುರಿನಷ್ಟಗಲದ ಐಸಿ ಚಿಪ್ಪು, ಕೆಪಾಸಿಟರು, ಅಂಗೈಯಗಲದ ಸ್ಪೀಕರು ತಂದ. ಎಲ್ಲವನ್ನೂ ಮಿಠಾಯಿ ಡಬ್ಬದೊಳಗೆ ಕೂರಿಸಿದ. ಗುಂಡಿ ಒತ್ತಿದರೆ ಶಬ್ದ. ಬಿರಡೆ ತಿರುಗಿಸಿದರೆ ಅದೇ ಶಬ್ದ ದುಂಬಿಯ ಗುಂಯ್ ಅನ್ನುವುದರಿಂದ ಏರುತ್ತಾ ಏರುತ್ತಾ ಸೀಟಿಯಾಗುತ್ತಿತ್ತು. ಸದ್ದು ಜೋರು, ಸಣ್ಣ ಮಾಡಲು ಇನ್ನೊಂದು ಬಿರಡೆ. ಕರೆಂಟು ಹರಿಯುತ್ತಿದೆಯೋ ಇಲ್ಲವೋ ಗೊತ್ತಾಗಲಿ ಅಂತ, ಎಂದಿನ ಅಭ್ಯಾಸದಂತೆ, ಪುಟ್ಟ ಕೆಂಪು ದೀಪವನ್ನೂ ಸಿಕ್ಕಿಸಿದ.

ಮೇ ತಿಂಗಳ ಭಾನುವಾರ. ಬಿಸಿಲಿಗೆ ಪರದೆ ಎಳೆದಿದ್ದರು. ಸದ್ದಾಗಬಾರದೆಂದು ಕೂಲರನ್ನೂ ಆರಿಸಿದರು. ಜಲಜಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮಹಂತೇಶ ಒಂದು ಪಕ್ಕಕ್ಕೆ ಕೂತು ಗುಂಡಿ ಒತ್ತಿದ.

ಹರಿಣಿ ತಿರುಗಿದಳು.

"ತಿರುಗಿದಳು ರೀ!" ಜಲಜಾ ಕೂಗಿಯೇ ಬಿಟ್ಟಳು. "ಇನ್ನೊಂದು ಸಲ, ಇನ್ನೊಂದು ಸಲ ಒತ್ತಿ!"

ಮತ್ತೆ ಒತ್ತಿದ. ಮತ್ತೆ ತಿರುಗಿ, ಪುಟ್ಟ ಹಲ್ಲು ತೋರಿಸಿ ನಕ್ಕಳು. ಜಲಜಾ ಆಗಲೇ ದಾವಣಗೆರೆಯ ತವರಿಗೆ ಫೋನು ಹಚ್ಚಿ, "ಅಮ್ಮಾ, ಕೇಳಿಸ್ತಿದೆ ಕಣಮ್ಮಾ!" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮಹಂತೇಶ ಆ ವಾರವೆಲ್ಲ ಆಫೀಸಿನಲ್ಲಿ ಕಂಡಕಂಡವರಿಗೆ ಚಹಾ ಕುಡಿಸಿದ.

ಮುಂದಿನ ಭಾನುವಾರ ಜಲಜಾ ಅಡುಗೆಮನೆಯಲ್ಲಿದ್ದಳು. ಮಗು ನೆಲದ ಮೇಲೆ ಸ್ಟೀಲ್ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಿತ್ತು. ಎಷ್ಟು ಸಣ್ಣ ದನಿ ಕೇಳಿಸೀತು ನೋಡೋಣವೆಂದು ಮಹಂತೇಶ ಗುಂಡಿ ಒತ್ತಿದ. ಶಬ್ದ ಬರಲಿಲ್ಲ. ಸ್ಪೀಕರಿನ ತಂತಿ ಕಿತ್ತುಬಂದಿತ್ತು.

ಹರಿಣಿ ಮಾತ್ರ ತಿರುಗಿ ನಕ್ಕಳು.

ಅವನು ಡಬ್ಬದ ಕಡೆ ನೋಡಿದ; ಕೆಂಪು ದೀಪ ಮಾತ್ರ ಹೊತ್ತಿತ್ತು. ತಂತಿಗೆ ಮತ್ತೆ ಬೆಸುಗೆ ಹಾಕಿದ. ಹೆಬ್ಬೆರಳಿನಿಂದ ದೀಪವನ್ನು ಮುಚ್ಚಿಕೊಂಡು, ದನಿಯನ್ನು ಪೂರ್ತಿ ಏರಿಸಿ ಒತ್ತಿದ. ಕಿಟಕಿ ಗಾಜು ನಡುಗುವಂಥ ಸದ್ದು. ಮೇಲಿನ ಮನೆಯಿಂದ ಯಾರೋ, "ಅರೇ ಭಯ್ಯಾ, ಬಸ್ ಕರೋ!" ಸಾಕು ನಿಲ್ಲಿಸೆಂದು ಕೂಗಿದರು. ಮಗು ಇನ್ನೊಂದು ಬಟ್ಟಲನ್ನು ಎತ್ತಿಕೊಂಡಿತು.

ಜಲಜಾ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. "ಅಷ್ಟು ಜೋರು ಬೇಡ ರೀ. ಪಾಪ, ಅದರ ಕಿವಿ ನೋಯುತ್ತೆ."

ದೀಪದ ಮೇಲಿನ ಹೆಬ್ಬೆರಳನ್ನು ತೆಗೆಯದೆ ಅವನು ಮತ್ತೆ ಒತ್ತಿ ಹಿಡಿದ. ಜಲಜಾ ಮಗುವನ್ನು ನೋಡಿದಳು, ಗಂಡನ ಮುಖ ನೋಡಿದಳು, ಆಮೇಲೆ ಆ ಹೆಬ್ಬೆರಳನ್ನು.

"ಬೆರಳು ತೆಗೀರಿ," ಅಂದಳು.

"ಜಲಜಾ..."

"ತೆಗೀರಿ ಅಂದೆ."

ತೆಗೆದ. ಹರಿಣಿ ತಟ್ಟನೆ ತಿರುಗಿ, ಕೆಂಪು ದೀಪದ ಕಡೆ ಕೈಚಾಚಿ ಕೇಕೆ ಹಾಕಿದಳು.

"ನೋಡಿ, ತಿರುಗಿದಳಲ್ಲ," ಅಂದಳು ಜಲಜಾ. "ತಿರುಗಿದಳು ತಾನೇ? ಸಾಕು. ಇನ್ನು ಪರೀಕ್ಷೆ ಮಾಡಬೇಡಿ."

ಎಷ್ಟೋ ಹೊತ್ತು ಅವಳು ಅಲ್ಲೇ ನೆಲದ ಮೇಲೆ ಕೂತಿದ್ದಳು. ಒಲೆಯ ಮೇಲಿನ ಅನ್ನ ಸೀದುಹೋಯಿತು. ದಾವಣಗೆರೆಗೆ ಫೋನು ಮಾಡಿ ನಿಜ ಹೇಳಿದವನು ಮಹಂತೇಶನೇ. ಆ ಕಡೆ ಅತ್ತೆ ಎಷ್ಟು ಹೊತ್ತಾದರೂ ಫೋನನ್ನು ಇಡಲಿಲ್ಲ.

ಜುಲೈನಲ್ಲಿ ಮಗುವನ್ನು ಕಿವುಡು ಮಕ್ಕಳ ಶಾಲೆಗೆ ಸೇರಿಸಿದರು. ತಾಯಿಯೂ ಜೊತೆಗೆ ಕೂತು ಕೈಸನ್ನೆ ಕಲಿಯಬೇಕು. ಜಲಜಾ ಬೇಗ ಕಲಿತಳು. ಮಹಂತೇಶನ ಬೆರಳುಗಳು ತಡವರಿಸುತ್ತಿದ್ದವು.

ಒಂದು ಸಂಜೆ ಅವನು ಆಫೀಸಿನಿಂದ ಬಂದಾಗ ಜಲಜಾ ಮಗಳ ತಲೆ ಬಾಚುತ್ತಾ, ತನಗೇ ತಿಳಿಯದೆ, ಜೋಗುಳ ಹಾಡುತ್ತಿದ್ದಳು. ಗಂಡನನ್ನು ಕಂಡವಳೇ ನಡುಸಾಲಿನಲ್ಲಿ ನಿಲ್ಲಿಸಿಬಿಟ್ಟಳು.

"ಹಾಡು," ಅಂದ ಅವನು, ಚಪ್ಪಲಿಯನ್ನೂ ಬಿಡದೆ. "ನಾನಾದರೂ ಕೇಳ್ತೀನಿ."

ಅವಳು ತಲೆ ಬಗ್ಗಿಸಿ, ಮಗಳ ಜಡೆ ಹೆಣೆಯತೊಡಗಿದಳು.