ಅಣ್ಣನ ಬಾಯಲ್ಲಿ ತಂಗಿಯ ಮಾತು

ಕಚೇರಿಯಲ್ಲಿ ಬೆನ್ನ ಹಿಂದೆ ಅವರನ್ನು ಎಕ್ಸ್‌ಪ್ರೆಸ್ ಮೇಡಂ ಎನ್ನುತ್ತಿದ್ದರು. ಇನ್ನೊಬ್ಬರ ಆಸರೆಯಲ್ಲಿ ಬದುಕುವ ವಯಸ್ಕರ ಮನೆಗಳಿಗೆ ಹೋಗಿ, ಯಾರೂ ಅವರನ್ನು ಗೋಳುಹೊಯ್ದುಕೊಳ್ಳುತ್ತಿಲ್ಲ ತಾನೇ ಎಂದು ವಿಚಾರಿಸುವುದು ಮೇಡಂ ಕೆಲಸ. ಉಳಿದವರು ದಿನಕ್ಕೆ ಮೂರು ಮನೆ ಮುಗಿಸಿದರೆ ಮೇಡಂ ಏಳು ಮುಗಿಸುತ್ತಿದ್ದರು. ಆ ಜಂಬವೂ ಇತ್ತೆನ್ನಿ.

ಆ ಮನೆಗಳಲ್ಲೊಂದು ಮೂಲೆಮನೆ. ಅಲ್ಲೊಬ್ಬ ಅಣ್ಣ, ಅವನ ಹೆಂಡತಿ, ಕಿವಿ ಕೇಳದ, ಮಾತು ಬಾರದ ನಲವತ್ತರ ತಂಗಿ. ಅಣ್ಣ ಬಲು ಮರ್ಯಾದಸ್ಥ. ಮೇಡಂ ಚಪ್ಪಲಿ ಬಿಡುವ ಮೊದಲೇ ಕುರ್ಚಿ ಎಳೆದು ಫ್ಯಾನ್ ಹಾಕುತ್ತಿದ್ದ. ಮೇಡಂ ಕೇಳುವರು, ಅಣ್ಣ ಸನ್ನೆ ಮಾಡುವನು, ತಂಗಿ ಸನ್ನೆಯಲ್ಲೇ ಉತ್ತರಿಸುವಳು.

“ಆರಾಮಾಗಿದ್ದಾಳಂತೆ ಮೇಡಂ. ಅತ್ತಿಗೆ ಅಂದ್ರೆ ಪ್ರಾಣ ಅಂತೆ.”

‘ಚೆನ್ನಾಗಿದ್ದೇನೆ ಎಂದು ಹೇಳಿದರು’ ಎಂದು ಬರೆದು ಮೇಡಂ ಎದ್ದುಬಿಡುವರು. ಹೀಗೆ ಮೂರು ವರ್ಷ, ಒಂಬತ್ತು ಭೇಟಿ. ಒಮ್ಮೆ ಹೊರಡುವಾಗ ತಂಗಿ ಓಡಿಬಂದು ಮೇಡಂ ಕೈ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಏನೇನೋ ಸನ್ನೆ ಮಾಡಿದಳು.

“ನಿಮ್ಮ ವಾಚ್ ಚೆನ್ನಾಗಿದೆಯಂತೆ,” ಎಂದು ಅಣ್ಣ ನಕ್ಕ. ಮೇಡಂ ಹಿಗ್ಗಿ ತಾವೂ ನಕ್ಕರು.

ಈ ವರ್ಷ ಹೊಸ ನಿಯಮ ಬಂತು. ಮನೆಯವರು ದುಭಾಷಿಯಾಗುವಂತಿಲ್ಲ, ವಿಚಾರಿಸುವಾಗ ಕೋಣೆಯಲ್ಲಿ ಇರುವಂತೆಯೂ ಇಲ್ಲ.

“ಒಂದೇ ಮನೆಗೆ ಅರ್ಧ ದಿನ ಹೋಗತ್ತೆ. ಅಂಥಾ ಅಣ್ಣ ಇರುವಾಗ ಇದೆಲ್ಲ ಯಾಕೆ?” ಎಂದು ಮೇಡಂ ಗೊಣಗಿದರು. ಗೊಣಗುತ್ತಲೇ ಕಿವುಡರ ಶಾಲೆಯ ಟೀಚರಮ್ಮನನ್ನು ಕರೆದುಕೊಂಡು ಹೋದರು.

ಅಣ್ಣ ತಕರಾರು ಮಾಡಿಯೇ ಹೊರಗೆ ಹೋದ. ಬಾಗಿಲು ಮುಚ್ಚಿದ್ದೇ ತಡ, ತಂಗಿಯ ಕೈಗಳು ನಿಲ್ಲಲೇ ಇಲ್ಲ. ಅದನ್ನು ಬಿಡಿಸಿ ಹೇಳುತ್ತಿದ್ದ ಟೀಚರಮ್ಮನ ದನಿ ಬರಬರುತ್ತ ಇಳಿಯಿತು.

“ಇಬ್ಬರೂ ಕೆಲಸಕ್ಕೆ ಹೋಗುವಾಗ ಇವರನ್ನ ಹಿಂದಿನ ಕೋಣೇಲಿ ಕೂಡಿಹಾಕಿ ಬೀಗ ಜಡೀತಾರಂತೆ. ಬಾಗಿಲು ಬಡಿದ್ರೆ ಸಂಜೆ ಬಂದು ಅತ್ತಿಗೆ ಹೊಡೀತಾರಂತೆ. ಒಂದ್ಸಲ ನಿಮ್ಮ ಕೈ ಹಿಡ್ಕೊಂಡು, ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗಿ ಅಂತ ಕೇಳಿದ್ರಂತೆ. ನೀವು ನಕ್ಕು ಹೋದ್ರಂತೆ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಮೇಡಂಗೆ. ಅಣ್ಣ ಸುಳ್ಳು ಹೇಳಿದ, ಸರಿ. ಆದರೆ ವಿಚಾರಿಸುವ ಕೆಲಸ ಅವನದಾಗಿರಲಿಲ್ಲವಲ್ಲ. ಅರ್ಧ ದಿನ ಉಳಿಸುವ ಆತುರಕ್ಕೆ, ಯಾರ ನಡತೆಯ ಬಗ್ಗೆ ತಂಗಿಯನ್ನು ಕೇಳಬೇಕಿತ್ತೋ ಅವನನ್ನೇ ಕೇಳಿಕೊಂಡು ಬಂದಿದ್ದರು.

ಅವತ್ತೇ ತಂಗಿಗೆ ಬೇರೆ ಕಡೆ ಇರುವ ವ್ಯವಸ್ಥೆಯಾಯಿತು. ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಅವಳು ಕಾರಿನಲ್ಲಿ ಕುಳಿತಳು.

“ನನ್ನಿಂದ ತಪ್ಪಾಯ್ತು. ಇನ್ಮೇಲೆ ವಾರವಾರ ನಾನೇ ಬಂದು ನೋಡ್ಕೋತೀನಿ ಅಂತ ಹೇಳಿ,” ಎಂದರು ಮೇಡಂ. ಟೀಚರಮ್ಮ ಸನ್ನೆಯಲ್ಲಿ ಹೇಳಿದಳು. ತಂಗಿ ಚುಟುಕಾಗಿ ಏನೋ ಉತ್ತರಿಸಿ ಕಿಟಕಿಯ ಕಡೆ ತಿರುಗಿಬಿಟ್ಟಳು. ಟೀಚರಮ್ಮ ಹೇಳಲು ಹಿಂಜರಿದಳು.

“ಪರವಾಗಿಲ್ಲ, ಇದ್ದದ್ದನ್ನ ಇದ್ದ ಹಾಗೇ ಹೇಳಿ.”

“ನೀವು ಬರಬೇಡಿ, ಬೇರೆ ಯಾರಾದ್ರೂ ಬರಲಿ ಅಂತಿದ್ದಾರೆ.”

ಮೇಡಂ ಫಾರಂ ತೆಗೆದು, ಆ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು.