ಹಳದಿ ಗೆರೆ

ಪರಿಚಯದವರೆಲ್ಲ ಅವನನ್ನು ಬಿಗಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಅವನು ಬಿಗಿದ ನಟ್ಟು ಬಿಚ್ಚಬೇಕಾದರೆ ಮತ್ತೆ ಅವನನ್ನೇ ಕರೆಯಬೇಕು ಎಂಬುದು ಕಾರ್ಖಾನೆಯ ಮಾತು. ಮನೆಯಲ್ಲೂ ಅದೇ ಕಥೆ. ಅವನು ನಿಲ್ಲಿಸಿದ ನಲ್ಲಿ ಇನ್ನೊಬ್ಬರಿಗೆ ತಿರುಗುತ್ತಿರಲಿಲ್ಲ, ಅವನು ಮುಚ್ಚಿದ ಡಬ್ಬಿ ಇನ್ನೊಬ್ಬರ ಕೈಗೆ ಬಗ್ಗುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಬೇಕೆಂದರೆ ಹೆಂಡತಿ ಮುಚ್ಚಳಕ್ಕೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ, ಅವನ ಕೈಗೆ ನಾಲ್ಕು ಬೈಗುಳ ಅರ್ಪಿಸಿ ತಿರುಗಿಸಬೇಕಾಗಿತ್ತು. ಆ ಬೈಗುಳ ಕೇಳುವುದೆಂದರೆ ಮೇಸ್ತ್ರಿಗೆ ಒಳಗೊಳಗೇ ಸಂತೋಷ.

ಬಿಗಿಯಷ್ಟೇ ಅನುಮಾನವೂ ಅವನಿಗೆ ಹುಟ್ಟಿನಿಂದ ಬಂದಿತ್ತು. ವಸ್ತು ಬೇರೆಯವರ ಕೈಗೆ ಹೋಯಿತೆಂದರೆ ಒಂದು ಸ್ಕ್ರೂ ಕಡಿಮೆಯಾಗಿಯೇ ವಾಪಸು ಬರುತ್ತದೆ ಎಂಬುದು ಅವನ ಸಿದ್ಧಾಂತ. ಫ್ಯಾನು, ಮಿಕ್ಸಿ, ಹೆಂಡತಿಯ ಹೊಲಿಗೆ ಯಂತ್ರ, ಹಳೆಯ ಮೋಟರ್ ಸೈಕಲ್ಲು, ಯಾವುದೂ ರಿಪೇರಿಗೆಂದು ಆ ಮನೆಯ ಹೊಸ್ತಿಲು ದಾಟಿದ್ದಿಲ್ಲ.

ಅಂಥವನ ಮನೆಗೆ ಮೂರು ಚಕ್ರದ ಹೊಸ ಮೋಟರ್ ಸೈಕಲ್ಲು ಬಂದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ಷು ಬಲಗೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದ ಮೇಸ್ತ್ರಿ ಬ್ರಷ್ಷಿನ ಪಕ್ಕದಲ್ಲೇ ಬಿದ್ದ. ಲಕ್ವ ಸೋಕಿ ಹೋಗಿದೆ, ಪುಣ್ಯಕ್ಕೆ ಮಾತು ಉಳಿಯಿತು ಎಂದರು ಡಾಕ್ಟರು. ಯಾರ ಪುಣ್ಯಕ್ಕೆ ಎಂದು ಹೆಂಡತಿ ಕೇಳಿದಳು. ಮೂರು ತಿಂಗಳು ರಬ್ಬರ್ ಚೆಂಡು ಹಿಸುಕಿ ಹಿಸುಕಿ ಕೈ ಮರಳಿ ಬಂತು, ಕಾಲೂ ಬಂತು. ಎರಡು ಚಕ್ರದ ಮೇಲೆ ಕೂರುವ ಸಮತೋಲನ ಮಾತ್ರ ಬರಲಿಲ್ಲ. ಆಗ ಮುಂದೆ ಒಂದು, ಹಿಂದೆ ಎರಡು ಚಕ್ರವಿರುವ ಈ ಗಾಡಿಯ ಮಾತು ಎದ್ದಿತು. ಮೇಸ್ತ್ರಿ ಮಗುವಿನ ಹಾಗೆ ಹಿಗ್ಗಿದ. ಬೆಟ್ಟದ ಕೆಳಗಿನ ಊರಲ್ಲಿ ಮಗಳ ಮನೆಯಿತ್ತು. ಅಲ್ಲಿಗೆ ಮತ್ತೆ ತನ್ನ ಗಾಡಿಯಲ್ಲೇ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಬಹುದಲ್ಲ.

ಹೆಂಡತಿ ಒಂದು ಷರತ್ತು ಹಾಕಿದಳು. "ನೀವು ಇದಕ್ಕೆ ಸ್ಪ್ಯಾನರ್ ಮುಟ್ಟಿಸಕೂಡದು. ಸರ್ವಿಸ್ ಅಂದ್ರೆ ಶೋರೂಮಿನವರ ಹತ್ರಾನೇ. ಒಪ್ಪಿದ್ರೆ ನಾನು ಹಿಂದೆ ಕೂತ್ಕೋತೀನಿ. ಇಲ್ಲಾಂದ್ರೆ ನೀವೊಬ್ರೇ ಸುತ್ತಾಡ್ಕೊಂಡಿರಿ."

ಮೇಸ್ತ್ರಿ ಒಪ್ಪಿದ. ಒಪ್ಪದೆ ವಿಧಿಯಿರಲಿಲ್ಲ, ಯಾಕೆಂದರೆ ವಾರಂಟಿಯ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಆದರೆ ಹೆಂಡತಿಯೂ ಪುಸ್ತಕವೂ ಒಂದೇ ಮಾತು ಹೇಳಿದ್ದು ಅವನಿಗೆ ಸರಿ ಕಾಣಲಿಲ್ಲ. ಶೋರೂಮಿನವರು ಸರ್ವಿಸಿನ ದಿನ ನೆನಪಿಸಲು ಅವನಿಗೆ ಫೋನ್ ಮಾಡದೆ ಅವಳಿಗೇ ಮಾಡುತ್ತಿದ್ದರು. ಯಾಕೆ? ಅವಳ ನಂಬರು ಕೊಟ್ಟವರು ಯಾರು? ಅವಳೇ ಕೊಟ್ಟಿದ್ದಳು. ಅದೂ ಯಾಕೆ?

ಶೋರೂಮು ಕಂಡಾಗಿನಿಂದಲಂತೂ ಅನುಮಾನಕ್ಕೆ ಕೈಕಾಲು ಬಂದವು. ಗಾಡಿ ತಂದವರು ಮೆತ್ತನೆಯ ಕುರ್ಚಿಯಲ್ಲಿ ಕೂರಬೇಕು, ಗಾಡಿ ದೊಡ್ಡ ಗಾಜಿನ ಆಚೆ ಹೋಗಬೇಕು. ಗಾಜಿನ ಅರ್ಧಕ್ಕೆ ಬಿಳಿ ಕಾಗದ ಅಂಟಿಸಿದ್ದರು. ಕಾಣುತ್ತಿದ್ದದ್ದು ಮೆಕ್ಯಾನಿಕ್ಕುಗಳ ತಲೆಗಳಷ್ಟೇ, ಕೈಗಳಲ್ಲ. ತಲೆ ಯಾರು ಬೇಕಾದರೂ ಅಲ್ಲಾಡಿಸಬಹುದು. ಕೌಂಟರಿನಲ್ಲಿ ಟೈ ಕಟ್ಟಿದವನೊಬ್ಬ ಕೂತಿದ್ದ. ಒಳಗೆ ನಿಂತು ನೋಡಬಹುದೇ ಎಂದು ಮೇಸ್ತ್ರಿ ಕೇಳಿದರೆ, ಹೊರಗಿನವರನ್ನು ಬಿಡುವುದಿಲ್ಲ, ಪೆಟ್ಟಾದರೆ ನಮ್ಮ ಮೇಲೆ ಬರುತ್ತದೆ ಎಂದ. ಹೀಗೆಂದಾಗ ಅವನು ಟೈ ಸರಿಮಾಡಿಕೊಂಡದ್ದನ್ನು ಮೇಸ್ತ್ರಿ ಗಮನಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಟೈ ಮುಟ್ಟಿಕೊಂಡ, ಅಷ್ಟೇ ವ್ಯತ್ಯಾಸ.

ಮೇಸ್ತ್ರಿ ಇಂಥದ್ದಕ್ಕೆಲ್ಲ ಮೊದಲೇ ಸಿದ್ಧನಾಗಿ ಬಂದಿದ್ದ. ಫಿಟ್ಟರುಗಳಲ್ಲಿ ಒಂದು ಪದ್ಧತಿ ಇದೆ. ಬೋಲ್ಟು ಬಿಗಿದಾದ ಮೇಲೆ ಅದರ ತಲೆಯ ಮೇಲಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಹಿಂದಿನ ಎರಡು ಚಕ್ರಗಳಲ್ಲಿ ಬ್ರೇಕನ್ನು ಹಿಡಿದು ನಿಲ್ಲಿಸುವ ಬೋಲ್ಟುಗಳು ನಾಲ್ಕು. ಮೊದಲ ಸರ್ವಿಸಿನ ಹಿಂದಿನ ದಿನ ಆ ನಾಲ್ಕರ ಮೇಲೂ ಮೇಸ್ತ್ರಿ ಸಣ್ಣ ಕುಂಚದಿಂದ ಹಳದಿ ಗೆರೆ ಎಳೆದಿಟ್ಟಿದ್ದ. ಸ್ಪ್ಯಾನರ್ ಮುಟ್ಟಿಸಬಾರದು ಎಂದಿದ್ದಳೇ ಹೊರತು ಕುಂಚ ಮುಟ್ಟಿಸಬಾರದು ಎಂದಿರಲಿಲ್ಲ.

ಗಾಡಿ ವಾಪಸು ಬಂತು. ಜೊತೆಗೆ ಬಂದ ಚೀಟಿಯಲ್ಲಿ 'ಬ್ರೇಕ್ ಬೋಲ್ಟುಗಳ ಬಿಗಿ ಪರೀಕ್ಷಿಸಿದೆ' ಎಂಬ ಸಾಲಿನ ಮುಂದೆ ಗುರುತು ಹಾಕಿದ್ದರು. ಮೇಸ್ತ್ರಿ ಅಂಗಳದಲ್ಲಿ ಪೇಪರು ಹಾಸಿ ಮಲಗಿ, ಹೆಂಡತಿಯ ಕೈಗನ್ನಡಿ ಹಿಡಿದು ನೋಡಿದ. ನಾಲ್ಕು ಗೆರೆಗಳೂ ಎಳೆದದ್ದು ಎಳೆದ ಹಾಗೇ ಇದ್ದವು. ಒಂದಾದರೂ ತುಂಡಾಗಿರಲಿಲ್ಲ.

ಸಿಕ್ಕಿಬಿದ್ದರು ಕಳ್ಳರು ಎಂದುಕೊಂಡ. ಅವನಿಗೆ ಕೋಪ ಬರಬೇಕಿತ್ತು, ಬಂದದ್ದು ಖುಷಿ. ಕೈಯನ್ನೇ ಹಾಕದೆ ಗುರುತು ಹಾಕಿದ್ದಾರೆ! ಹೆಂಡತಿಗೆ ಹೇಳೋಣವೆಂದು ಬಾಯಿವರೆಗೆ ಬಂತು, ನುಂಗಿಕೊಂಡ. ಹೇಳಿದರೆ ಅವಳು ಶೋರೂಮಿಗೆ ಫೋನ್ ಮಾಡಿ ಅವರನ್ನು ಎಚ್ಚರಿಸುತ್ತಾಳೆ. ಮೊದಲು ಕೆಲಸ ಆಗಲಿ.

ಗುರುವಾರ ಮಧ್ಯಾಹ್ನ ಹೆಂಡತಿ ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಮೇಸ್ತ್ರಿ ಗೇಟಿಗೆ ಚಿಲಕ ಹಾಕಿ, ಹಳೆಯ ಸ್ಪ್ಯಾನರ್ ತೆಗೆದ. ಉದ್ದನೆಯದು, ಮೊದಲ ಸಂಬಳದಲ್ಲಿ ಕೊಂಡದ್ದು. ಕಾಲಲ್ಲಿ ಒತ್ತಿ, ಮೈಭಾರ ಬಿಟ್ಟು ನಾಲ್ಕು ಬೋಲ್ಟುಗಳನ್ನೂ ಸಡಿಲಿಸಿ ಬಿಚ್ಚಿದ, ಒರೆಸಿದ, ಕೈಯಲ್ಲಿ ಮತ್ತೆ ಬಿಗಿದ. ಕೈ ಸಾಕು ಅಂದಲ್ಲಿಗೆ ನಿಲ್ಲಿಸಿದ. ಎಷ್ಟು ಬಿಗಿಯಬೇಕೆಂದು ಅಳೆದು, ಅಷ್ಟಾದೊಡನೆ ಟಿಕ್ ಎನ್ನುವ ರೆಂಚು ಕಾರ್ಖಾನೆಯಲ್ಲೂ ಇತ್ತು. ಅದನ್ನು ಮುಟ್ಟುವವರನ್ನು ಕಂಡರೆ ಅವನಿಗೆ ಹಲ್ಲಿಲ್ಲದವರನ್ನು ಕಂಡಷ್ಟು ಕನಿಕರ. ಮೂವತ್ತೆಂಟು ವರ್ಷದಲ್ಲಿ ಅವನ ಕೈ ಹೇಳಿದ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಹಳೆಯ ಗೆರೆ ಕೆರೆದು ಹೊಸ ಹಳದಿ ಗೆರೆ ಎಳೆದ.

ಸಂಜೆ ಹೆಂಡತಿ ಅವನ ಹೆಬ್ಬೆರಳನ್ನೇ ನೋಡಿದಳು. ಹಳದಿ ಎಲ್ಲಿಂದ ಬಂತು ಎಂದು ಕೇಳಿದಳು. ಗೇಟಿನ ಚಿಲಕಕ್ಕೆ ಬಣ್ಣ ಬಳಿದೆ ಎಂದ. ಗೇಟಿನ ಚಿಲಕ ಕಪ್ಪಗೇ ಇತ್ತು.

"ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ," ಎಂದಳು ಅವಳು. "ನಿಮಗೆ ಬೆರಳಿಗೂ ಬಂದಿದೆ, ನೋಡ್ಕೊಳ್ಳಿ."

ಆರು ವಾರ ಹೀಗೇ ಕಳೆಯಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಪೇಟೆಗೆ, ಆಸ್ಪತ್ರೆಗೆ, ಅವಳ ತಂಗಿಯ ಮನೆಗೆ ಓಡಾಡಿದ. ತನ್ನ ಕೈಯ ಬಿಗಿಯ ಮೇಲೆ ಗಾಡಿ ಓಡುತ್ತಿದೆ ಎಂಬ ಗುಟ್ಟು ಅವನ ಎದೆಯನ್ನು ಅರ್ಧ ಇಂಚು ಅಗಲ ಮಾಡಿತ್ತು. ಎರಡನೆಯ ಸರ್ವಿಸು ಮುಗಿದ ಭಾನುವಾರವೇ ಬೆಟ್ಟ ಇಳಿದು ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಯಿತು. ಹನ್ನೊಂದು ತಿರುವು, ಎಲ್ಲವೂ ಇಳಿಜಾರು.

ಎರಡನೆಯ ಸರ್ವಿಸು ಮುಗಿದು ಗಾಡಿ ಈಚೆ ಬಂದಾಗ ಮೇಸ್ತ್ರಿ ಮನೆಗೆ ಹೋಗುವವರೆಗೆ ಕಾಯಲಿಲ್ಲ. ಶೋರೂಮಿನ ಮುಂದೆಯೇ ಮಂಡಿಯೂರಿ ಕನ್ನಡಿ ಹಿಡಿದ. ನಾಲ್ಕು ಗೆರೆಗಳೂ ತುಂಡಾಗಿದ್ದವು. ಬೋಲ್ಟಿನ ತಲೆಯ ಮೇಲಿನ ಹಳದಿ ಒಂದು ಕಡೆ, ಲೋಹದ ಮೇಲಿನ ಹಳದಿ ಇನ್ನೊಂದು ಕಡೆ. ಪಕ್ಕದಲ್ಲಿ ಯಾರೋ ನೀಟಾಗಿ ಹೊಸದೊಂದು ಬಿಳಿ ಗೆರೆ ಎಳೆದಿದ್ದರು.

ಅವನು ನೇರ ಕೌಂಟರಿಗೆ ಹೋದ. ಹೋದ ಸಲ ಮುಟ್ಟದೆಯೇ ಗುರುತು ಹಾಕಿದ್ದಿರಿ, ಈ ಸಲ ನನ್ನ ಗೆರೆ ಕಂಡು ಹೆದರಿ ಮುಟ್ಟಿದ್ದೀರಿ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗುವುದಿಲ್ಲವೇ ಎಂದು ಕುರ್ಚಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ. ಟೈ ಕಟ್ಟಿದವನು ಟೈ ಮುಟ್ಟಿಕೊಳ್ಳದೆ ಒಳಗೆ ಹೋಗಿ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದ. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕ ತಲೆಯ ಮೇಲೆ, ಕೈಯಲ್ಲಿ ಒರೆಸುವ ಬಟ್ಟೆ. ಅವಳು ಮೇಸ್ತ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಬನ್ನಿ ಎಂದಳು. ಹೊರಗಿನವರನ್ನು ಬಿಡುವುದಿಲ್ಲವೆಂದು ಈ ಸಲ ಯಾರೂ ಹೇಳಲಿಲ್ಲ. ಅದೂ ಅವನಿಗೆ ಅನುಮಾನವೇ ಆಯಿತು.

"ಹಳದಿ ಗೆರೆ ನಿಮ್ದೇನಾ ಸರ್? ಹೋದ ಸಲಾನೇ ನೋಡ್ದೆ. ಯಾರೋ ನಮ್ಮ ಕಸುಬಿನವರೇ ಅಂದ್ಕೊಂಡೆ."

"ನೋಡಿಯೂ ಮುಟ್ಲಿಲ್ವಲ್ಲ."

"ನಾಲ್ಕಕ್ಕೂ ರೆಂಚ್ ಹಾಕ್ದೆ. ಹಾಕಿದ ತಕ್ಷಣ ಟಿಕ್ ಅಂತು, ಬೋಲ್ಟ್ ಅಲ್ಲಾಡ್ಲಿಲ್ಲ. ಬಿಗಿ ಇರೋದು ಯಾಕೆ ತಿರುಗುತ್ತೆ?"

ಮೇಸ್ತ್ರಿಯ ಕಿವಿ ಬಿಸಿಯಾಯಿತು. ಬಿಗಿಯಾಗಿರುವ ಬೋಲ್ಟು ಪರೀಕ್ಷೆಗೆ ತಿರುಗುವುದಿಲ್ಲ, ಸಡಿಲವಾದದ್ದು ಮಾತ್ರ ತಿರುಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ. ಎಷ್ಟು ಹುಡುಗರಿಗೆ ಅವನೇ ಅದನ್ನು ಹೇಳಿಕೊಟ್ಟಿದ್ದನೋ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವನು ಕಂಡದ್ದನ್ನು ಪ್ರಮಾಣಿಸುವ ಮೊದಲೇ ಕಳ್ಳರನ್ನು ಹಿಡಿದಿದ್ದ.

"ಈ ಸಲ ನಾಲ್ಕೂ ತಿರುಗಿದ್ವು," ಎಂದಳು ಅವಳು. "ಒಂದಂತೂ ಅರ್ಧ ಸುತ್ತು. ಬಲಗಡೆ ಚಕ್ರದ್ದು. ಇನ್ನೊಂದಷ್ಟು ದಿನ ಓಡಿಸಿದ್ರೆ ಬಿದ್ದೇ ಹೋಗ್ತಿತ್ತು. ಮಧ್ಯೆ ಯಾರಾದ್ರೂ ಬಿಚ್ಚಿದ್ರಾ?"

"ಯಾರೂ ಇಲ್ಲ," ಎಂದ ಮೇಸ್ತ್ರಿ. ಬಾಯಿ ಹಾಗೆ ಅಂದಿತು, ತಲೆ ಇನ್ನೊಂದು ದಾರಿ ಹುಡುಕುತ್ತಿತ್ತು. ಇವಳೇ ಸಡಿಲ ಮಾಡಿ ಆಮೇಲೆ ಬಿಗಿದು ನಾಟಕ ಆಡುತ್ತಿರಬಹುದಲ್ಲ? ಗಿರಾಕಿ ಮನೆಯಲ್ಲಿ ಕೈ ಹಾಕಬಾರದೆಂದು ಹೆದರಿಸುವ ಉಪಾಯ. ಹೌದು, ಅದೇ ಇರಬೇಕು. ಅವನು ಒಂದು ಸ್ಪ್ಯಾನರ್ ಕೇಳಿದ.

ಅವಳು ಬೇಡವೆನ್ನಲಿಲ್ಲ. ಗಾಡಿಯದು ಮುಟ್ಟುವುದು ಬೇಡ ಎಂದು, ಹಳೆಯ ಗಾಡಿಯೊಂದರ ಬ್ರೇಕಿನ ಭಾಗವನ್ನು ಮೇಜಿನ ವೈಸಿನ ದವಡೆಗೆ ಕಚ್ಚಿಸಿ ಅದೇ ಅಳತೆಯ ಬೋಲ್ಟು ಹಾಕಿಕೊಟ್ಟಳು. ಮೇಸ್ತ್ರಿ ಬಿಗಿದ. ಕೈ ಸಾಕು ಎಂದಿತು. ಅವಳು ರೆಂಚು ಇಟ್ಟು ಎಳೆದಳು. ಬೋಲ್ಟು ತಿರುಗಿತು, ಇನ್ನೂ ತಿರುಗಿತು, ಆಮೇಲೆ ಟಿಕ್ ಎಂದಿತು. ರೆಂಚೇ ಕೆಟ್ಟಿದೆ ಎಂದ ಮೇಸ್ತ್ರಿ. ಅವಳು ಇನ್ನೊಂದು ರೆಂಚು ತಂದಳು. ಈ ಸಲ ಅವನು ಉಸಿರು ಕಟ್ಟಿ ಬಿಗಿದ, ಕತ್ತಿನ ನರ ಉಬ್ಬುವ ತನಕ. ಕೈ ಸಾಕಪ್ಪಾ ಸಾಕು ಎಂದಿತು. ರೆಂಚು ಇಟ್ಟೊಡನೆ ಬೋಲ್ಟು ಮತ್ತೆ ತಿರುಗಿತು. ಡಬ್ಬಿಯ ಮುಚ್ಚಳ ತಿರುಗಿದಷ್ಟು ಸಲೀಸಾಗಿ.

ಮೂರನೆಯ ಸಲಕ್ಕೆ ಅವನು ಸ್ಪ್ಯಾನರ್ ಎತ್ತಿದ್ದ. ಅವಳು ಮೆಲ್ಲಗೆ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

"ಬಿಡಿ ಮೇಸ್ತ್ರಿ," ಎಂದಳು. "ಹಿಡಿಯೋ ರೀತಿ ಚೆನ್ನಾಗಿದೆ. ಬಲ ಇಲ್ಲ, ಅಷ್ಟೇ."

ಮೇಸ್ತ್ರಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಿಡಿತ ನೋಡಿಯೇ ತಿಳಿದುಕೊಂಡಿದ್ದಳು. ಬೇರೆ ದಿನವಾಗಿದ್ದರೆ ಅವನು ಆ ಮಾತನ್ನು ಒಂದು ವಾರ ಮೆಲುಕು ಹಾಕುತ್ತಿದ್ದ.

ಗಾಡಿಯನ್ನು ಮನೆಗೆ ತರುವಾಗ ಅವನಿಗೆ ಭಯವಾಯಿತು. ಈಗಿನ ಭಯವಲ್ಲ, ಆರು ವಾರಗಳಿಂದ ಬಾಕಿ ಉಳಿದದ್ದು. ಪೇಟೆಯ ಇಳಿಜಾರಿನಲ್ಲಿ ಲಾರಿಯ ಹಿಂದೆ ಗಕ್ಕನೆ ಬ್ರೇಕು ಹಾಕಿದ್ದು ನೆನಪಾಯಿತು. ಆಗ ಹೆಂಡತಿ ಅವನ ಹೆಗಲು ಹಿಡಿದು ನಕ್ಕಿದ್ದಳು. ಹನ್ನೊಂದು ತಿರುವಿನಲ್ಲಿ ಎಷ್ಟನೆಯದರಲ್ಲಿ ಬೋಲ್ಟು ಉದುರುತ್ತಿತ್ತು ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದ. ಊರಿನವರೆಲ್ಲರ ಕೈಯನ್ನೂ ಅನುಮಾನಿಸಿದ್ದ, ಒಂದು ಕೈಯನ್ನು ಬಿಟ್ಟು.

ಮನೆಯಲ್ಲಿ ಹೆಂಡತಿ ಕೋಣೆಯೊಳಗೆ ಯಂತ್ರ ತುಳಿಯುತ್ತಿದ್ದಳು. ಅವನು ಸೀದಾ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ತೆಗೆದು, ಬಲಗೈಯಲ್ಲಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮುಚ್ಚಳ ಬಿಗಿದ. ಕೈ ಸಾಕು ಎಂದಿತು. ಆಮೇಲೆ ಎಡಗೈಯ ಎರಡು ಬೆರಳಿಂದ ತಿರುಗಿಸಿದ. ಮುಚ್ಚಳ ಕಳಚಿ ಕೈಗೆ ಬಂತು. ಮತ್ತೆ ಹಾಗೆಯೇ ಬಿಗಿದಿಟ್ಟು, ಸ್ಟೂಲಿನ ಮೇಲೆ ಕೂತು, ಕಾಫಿ ಬೇಕು ಎಂದು ಕೂಗಿದ.

ಅವಳು ಬಂದು ಹಾಲು ಬಿಸಿಗಿಟ್ಟಳು. ಡಬ್ಬಿ ಎತ್ತಿಕೊಂಡಳು. ಮುಚ್ಚಳಕ್ಕೆ ಬಟ್ಟೆ ಸುತ್ತಿದಳು, ಹಲ್ಲು ಕಚ್ಚಿದಳು, ಮುಖ ಕಿವುಚಿದಳು. "ಅಬ್ಬಬ್ಬಾ, ಕೈಯೋ ಇಕ್ಕಳವೋ. ಸಕ್ಕರೆ ಏನು ಓಡಿ ಹೋಗುತ್ತಾ? ಯಾಕ್ರೀ ಹೀಗೆ ಬಿಗೀತೀರಾ?"

ಜೀವಮಾನದಲ್ಲಿ ಮೊದಲ ಬಾರಿಗೆ ಮೇಸ್ತ್ರಿಯ ಕಣ್ಣಿಗೆ ನಿಜವಾದ ಒಂದು ಮೋಸ ಬಿದ್ದಿತ್ತು. ಬಟ್ಟೆಯ ಕೆಳಗೆ ಅವಳ ಬೆರಳು ಮುಚ್ಚಳವನ್ನು ಒತ್ತಿಯೂ ಇರಲಿಲ್ಲ. ಮಣಿಕಟ್ಟು ಸಡಿಲವಾಗಿತ್ತು. ಬ್ರಷ್ಷು ಬಿದ್ದ ದಿನದಿಂದ ಎಷ್ಟು ಕಾಫಿಗಳಾಗಿರಬಹುದು, ದಿನಕ್ಕೆರಡು ಸಲದಂತೆ ಎಷ್ಟು ಸಲ ಈ ಹಲ್ಲು ಕಚ್ಚಿರಬಹುದು. ಷರತ್ತು ಎಲ್ಲಿಂದ ಹುಟ್ಟಿತೆಂದು ಅವನಿಗೆ ಈಗ ಗೊತ್ತಾಯಿತು. ಶೋರೂಮಿನವರಿಗೆ ಅವಳ ನಂಬರು ಯಾಕೆಂದೂ ಗೊತ್ತಾಯಿತು.

"ಬಟ್ಟೆ ಬೇಡ ಬಿಡೇ," ಎಂದ.

ಅವಳ ಕೈ ನಿಂತಿತು. ತಿರುಗಿ ನೋಡಲಿಲ್ಲ. ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು, ಎರಡು ಬೆರಳಿಂದ ಮುಚ್ಚಳ ತೆಗೆದಳು. ಒಂದೂವರೆ ಚಮಚ ಸಕ್ಕರೆ ಹಾಕಿ ಕಲಕಿದಳು. ಲೋಟ ಅವನ ಎಡಗೈಗೆ ಕೊಟ್ಟಳು.

"ಭಾನುವಾರ ಹೋಗೋಣ್ವಾ?" ಎಂದು ಕೇಳಿದಳು.

"ಹೋಗೋಣ. ಬ್ರೇಕ್ ಬೋಲ್ಟೆಲ್ಲ ಬಿಗಿ ಇದೆ," ಎಂದ ಮೇಸ್ತ್ರಿ. "ಅವರು ಬಿಗಿದಿದ್ದು. ನಾನಲ್ಲ."